ಎಡಕ್ಕೆ ಕೂರುತ್ತಿದ್ದ ಗಾಡಿ ಮತ್ತು ಹುಸೇನಪ್ಪ ಮೇಸ್ತ್ರಿ

ಗಾಡಿಗಳು ಇನ್ನೂ ಎಣ್ಣೆ ಕುಡಿಯುತ್ತಿದ್ದ ಕಾಲ. ಆ ಕಾಲದಲ್ಲಿ, ಕೆಂಪು ಅದಿರಿನ ಗುಡ್ಡದ ಕೆಳಗೆ ಒಂದೂರು. ಆ ಊರಲ್ಲಿ ಹುಸೇನಪ್ಪ ಅಂತ ಒಬ್ಬ ಗಾಡಿ ಮೇಸ್ತ್ರಿ ಇದ್ದ. ಕೆಟ್ಟ ಗಾಡಿಯ ಮೇಲೆ ಅಂಗೈ ಇಟ್ಟರೆ ಸಾಕು, ಅದರ ನೋವು ಅವನ ಮೊಣಕೈಗೆ ಬರುತ್ತಿತ್ತಂತೆ. ನಗ್ತೀರಾ? ನಗ್ರಪ್ಪಾ, ನಮ್ಮಜ್ಜನೂ ಮೊದಲು ನಕ್ಕವನೇ.

ಅದೇ ಊರಿನ ಸಾಹುಕಾರ ಎರ್ರಿಸ್ವಾಮಿ ಒಂದು ಪರದೇಶದ ಗಾಡಿ ತಂದಿದ್ದ. ಕಲ್ಲು ಗುಡ್ಡ ಹತ್ತುವ ಎತ್ತರದ ಗಾಡಿ, ಒಳಗೆ ಮೆತ್ತನೆಯ ತೊಗಲಿನ ಸೀಟು. ಆದರೆ ಹಳೇದು, ಎರಡು ಕೈ ದಾಟಿ ಬಂದದ್ದು. ಅದಕ್ಕೆ ಸ್ಪ್ರಿಂಗ್ ಇರಲಿಲ್ಲ, ಗಾಳಿ ಚೀಲಗಳ ಮೇಲೆ ನಿಲ್ಲುತ್ತಿತ್ತು. ಗುಂಡಿ ಒತ್ತಿದರೆ ಏಳುತ್ತಿತ್ತು, ಇನ್ನೊಂದು ಗುಂಡಿ ಒತ್ತಿದರೆ ಎಮ್ಮೆಯ ಹಾಗೆ ಉಸಿರುಬಿಟ್ಟು ಕೂರುತ್ತಿತ್ತು. ಅದನ್ನು ಓಡಿಸುತ್ತಿದ್ದವನು ಓಬಳೇಶ.

ಒಂದು ಸಂಜೆ ಗುಡ್ಡ ಇಳಿಯುವಾಗ, ತಿರುವಿನಲ್ಲಿ, ಆ ಗಾಡಿ ಎಡಕ್ಕೆ ವಾಲಿ ಬಂಡೆಗೆ ಬಡಿಯಿತು. ಎಡಗಡೆ ಕೂತಿದ್ದ ಸಾಹುಕಾರ ಅಲ್ಲೇ ಹೋದ. ಓಬಳೇಶನಿಗೆ ಹಣೆ ಒಡೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಬದುಕಿದ್ದೇ ಅವನ ತಪ್ಪಾಯಿತು. ನಿದ್ದೆ ಹೋಗಿದ್ದ ಅಂದರು, ಕುಡಿದಿದ್ದ ಅಂದರು. ಆಡುವವರ ಬಾಯಿಗೆ ಬೀಗ ಹಾಕೋಕಾಗುತ್ತಾ? ಗಾಡಿ ತಾನಾಗೇ ಕೂತಿತು ಅಂತ ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಅದಕ್ಕಿಂತ ಕೆಟ್ಟದ್ದೇನೆಂದರೆ, ಅವನಿಗೇ ನಂಬಿಕೆ ಇರಲಿಲ್ಲ. ಹಿಂದಿನ ರಾತ್ರಿಯೆಲ್ಲ ಹೆಂಡತಿಗೆ ಜ್ವರ, ಅವನು ಕಣ್ಣು ಮುಚ್ಚಿರಲಿಲ್ಲ. ತಿರುವಿನಲ್ಲಿ ಮುಚ್ಚಿದೆನೇನೋ ಅಂತ ದಿನಾ ತನ್ನನ್ನೇ ಕೇಳಿಕೊಳ್ಳುತ್ತಿದ್ದ.

ಗಾಡಿಯನ್ನು ಎಳೆದು ತಂದು ಹುಸೇನಪ್ಪನ ಶೆಡ್ಡಿನ ಮುಂದೆ ನಿಲ್ಲಿಸಿದರು. ಅಲ್ಲಿಂದ ಶುರುವಾಯಿತು ನೋಡಿ. ಸೂರ್ಯ ಗುಡ್ಡದ ಹಿಂದೆ ಸರಿದ ಕೂಡಲೇ, ಸಾಹುಕಾರ ಸತ್ತ ಹೊತ್ತಿಗೆ ಸರಿಯಾಗಿ, ಗಾಡಿ ಹುಸ್ಸಂತ ಉಸಿರುಬಿಟ್ಟು ಎಡಕ್ಕೆ ಕೂರುತ್ತಿತ್ತಂತೆ. ಯಾರೋ ಹತ್ತಿ ಕೂತ ಹಾಗೆ. ಗಾಳಿ ಸೋರ್ತದೆ ಬಿಡ್ರಿ ಅಂದರು ಕೆಲವರು. ಸೋರಿದ್ದು ಕೂರಬಹುದು, ಸರಿ. ಬೆಳಗಾದರೆ ಎದ್ದು ನಿಂತಿರುತ್ತಿತ್ತಲ್ಲ, ಅದಕ್ಕೇನಂತೀರಿ? ಹುಸೇನಪ್ಪ ಗಾಳಿ ತುಂಬುವ ಪಂಪಿಗೆ ಕರೆಂಟು ಕೊಡುವ ಬ್ಯಾಟರಿಯನ್ನೇ ಬಿಚ್ಚಿ ಮನೆಯೊಳಗೆ ಇಟ್ಟುಕೊಂಡ. ಆದರೂ ಎದ್ದಿತಂತೆ. ಆದರೂ ಕೂತಿತಂತೆ.

ಸಾಹುಕಾರನ ಹೆಂಡತಿ ಪಂಪಮ್ಮ ಬಂದು, ಗಂಡ ಸತ್ತ ನಲವತ್ತೊಂದನೇ ದಿನ ಪಂಚಾಯಿತಿ ಸೇರುತ್ತದೆ, ಅಷ್ಟರಲ್ಲಿ ತಪ್ಪು ಗಾಡಿದೋ ಓಬಳೇಶಂದೋ ಹೇಳು ಅಂದಳು. ಅವನದಾದರೆ ಅವನು ಹೆಂಡತಿ ಕರಕೊಂಡು ಊರು ಬಿಡಬೇಕು ಅಂದಳು.

ಆ ಕಾಲದ ಗಾಡಿಗಳಿಗೆ ಹೊಟ್ಟೆಯೊಳಗೆ ನೆನಪು ಇರುತ್ತಿತ್ತು. ಏನು ಕೆಟ್ಟಿತು, ಯಾವಾಗ ಕೆಟ್ಟಿತು, ಎಲ್ಲ ಬರೆದಿಟ್ಟುಕೊಳ್ಳುತ್ತಿದ್ದವು. ಅದನ್ನು ಓದಲು ಸ್ಕ್ಯಾನರ್ ಬೇಕು. ಯಾವ ಸ್ಕ್ಯಾನರ್ ಅನ್ನುವುದೇ ತಲೆನೋವು. ಹುಸೇನಪ್ಪನ ಹತ್ತಿರ ಬೆಂಕಿಪೊಟ್ಟಣದಷ್ಟು ಒಂದಿತ್ತು. ಬ್ಯಾಟರಿ ಕೂಡಿಸಿ ಅದನ್ನು ಗಾಡಿಗೆ ಚುಚ್ಚಿದ. ಎಲ್ಲ ಚೆನ್ನಾಗಿದೆ ಅಂದಿತು. ಪಾಪ, ಅದಕ್ಕೆ ಇಂಜಿನ್ ಬಿಟ್ಟು ಬೇರೇನೂ ತಿಳಿಯದು, ಗಾಳಿ ಚೀಲದ ಸುದ್ದಿಯೇ ಗೊತ್ತಿಲ್ಲ.

ಆಮೇಲೆ ಪಟ್ಟಣದಿಂದ ಒಬ್ಬನನ್ನು ಕರೆಸಿದರು. ಅವನ ಕೈಯಲ್ಲಿ ತಟ್ಟೆಯಗಲದ ಪರದೆಯ ಯಂತ್ರ, ಇನ್ನೂರು ಜಾತಿಯ ಗಾಡಿ ಓದುತ್ತದೆ ಅಂತ ಜಂಬ. ಚೀಲದ ಹೆಸರು ತೋರಿಸಿತು, ಮುಂದೆ ಬರೀ ಅರ್ಥವಾಗದ ಅಂಕಿ. ಆ ಕಾಲದ ಮೇಸ್ತ್ರಿಗಳಿಗೆ ಒಂದು ಚಾಳಿ ಇತ್ತು: ಮೊದಲು ಎಲ್ಲ ಅಳಿಸಿಬಿಡುವುದು, ಮತ್ತೆ ಬಂದದ್ದಷ್ಟೇ ನಿಜವಾದ ಕಾಯಿಲೆ ಅನ್ನುವುದು. ಅವನೂ ಅಳಿಸುವ ಗುಂಡಿಗೆ ಬೆರಳು ತಂದ. ಹುಸೇನಪ್ಪ ಗಪ್ಪಂತ ಅವನ ಕೈ ಹಿಡಿದ.

“ಅಳಿಸ್ಬ್ಯಾಡಪಾ. ಸತ್ತೋನು ಕೂತಿದ್ದಾಗಿನ ಮಾತು ಅದು. ಓದಾಕ ಬರಲಿಲ್ಲ ಅಂದ್ರ ಸುಮ್ನ ಹೋಗು.”

ಅವನು ಮುಖ ಉಬ್ಬಿಸಿಕೊಂಡು ಹೋದ. ಇನ್ನೂರು ಮನೆ ನೆಂಟ ನಮ್ಮ ಮನೆ ಕಷ್ಟ ಏನು ಬಲ್ಲ ಅಂತ ಹುಸೇನಪ್ಪ ಬಸ್ಸು ಹತ್ತಿದ. ಬೇಕಾದದ್ದು ಆ ಒಂದೇ ಜಾತಿಯ, ಅದೂ ಆ ವಯಸ್ಸಿನ ಗಾಡಿಯ ಮಾತಷ್ಟೇ ಬಲ್ಲ ಹಳೇ ಪೆಟ್ಟಿಗೆ. ಬಂದರಿನ ಗುಜರಿ ಬೀದಿಗಳನ್ನೆಲ್ಲ ಸುತ್ತಿದನಂತೆ. ಕೊನೆಗೆ ಕೆಲಸ ಬಿಟ್ಟು ಕೂತಿದ್ದ ಒಬ್ಬ ಮುದುಕ ಇಟ್ಟಿಗೆಯಂಥ ಬೂದು ಪೆಟ್ಟಿಗೆಯೊಂದನ್ನು ಕೊಟ್ಟು, ಗಾಡಿ ಕೂರುವ ಹೊತ್ತಿಗೇ ಕೇಳು, ನಿಂತಾಗ ಕೇಳಿದರೆ ಏನೂ ಹೇಳದು ಅಂದನಂತೆ.

ನಲವತ್ತೊಂದನೇ ದಿನ ಇಳಿಹೊತ್ತಿಗೆ ಹುಸೇನಪ್ಪ ಊರು ಮುಟ್ಟಿದ. ಪಂಚಾಯಿತಿಯವರು ಶೆಡ್ಡಿನ ಮುಂದೆಯೇ ನಿಂತಿದ್ದರು. ಹುಸೇನಪ್ಪ ಪೆಟ್ಟಿಗೆಯನ್ನು ಗಾಡಿಗೆ ಚುಚ್ಚಿದ, ಆದರೆ ಅದು ಓದಬೇಕಾದರೆ ತಿರುಗಿಸಬೇಕಾದ ಕೀಲಿ ಮುಟ್ಟಲು ಯಾರೂ ಮುಂದೆ ಬರಲಿಲ್ಲ. ಓಬಳೇಶನೇ ಹತ್ತಿ ಕೂತ. ಅವನ ಪಕ್ಕದ ಸೀಟು ಖಾಲಿ. ಸೂರ್ಯ ಸರಿದ. ಗಾಡಿ ಉಸಿರುಬಿಟ್ಟು ಎಡಕ್ಕೆ ಕೂತಿತು, ಓಬಳೇಶನ ಎಡತೋಳು ತಣ್ಣಗಾಯಿತು.

ಹುಸೇನಪ್ಪ ಕಿಟಕಿಯ ಹತ್ತಿರ ನಿಂತು ಪೆಟ್ಟಿಗೆಯನ್ನು ಜೋರಾಗಿ ಓದಿದ. ಎಡ ಮುಂದಿನ ಚೀಲ, ಗಾಳಿ ಖಾಲಿ. ನಲವತ್ತೊಂದು ಸಲ. ಬ್ಯಾಟರಿ ಮನೆಯೊಳಗೆ ಇದ್ದ ದಿನಗಳನ್ನೂ ಎಣಿಸಿದವರು ಯಾರು ಅಂತ ಅಲ್ಲಿ ಯಾರೂ ಕೇಳಲಿಲ್ಲ. ಮೊದಲ ಸಲ ಆದಾಗಿನ ವೇಗ ಮೂವತ್ತೆಂಟು. ಬ್ರೇಕು, ಪೂರ್ತಿ ಒತ್ತಿದೆ.

“ಇನ್ನೊಮ್ಮೆ ಓದಣ್ಣ,” ಅಂದ ಓಬಳೇಶ.

“ಬ್ರೇಕು ಪೂರ್ತಿ ಒತ್ತೀಯಪಾ. ನಿದ್ದಿಗಣ್ಣಾಗ ಹಂಗ ಒತ್ತಾಕ ಆಗಂಗಿಲ್ಲ.”

ಓಬಳೇಶ ಸ್ಟೇರಿಂಗಿಗೆ ಹಣೆ ಹಚ್ಚಿ ಮಗುವಿನ ಹಾಗೆ ಅತ್ತ. ಹುಸೇನಪ್ಪ ಮುಂದಿನ ಸಾಲು ನೋಡಿ, ಪಕ್ಕದ ಸೀಟಿನ ಕಡೆ ಕಣ್ಣು ಹಾಯಿಸಿದ. ಆಮೇಲೆ ಮೆಲ್ಲಗೆ ಓದಿದ. ಎಡ ಸೀಟು, ಈಗ ಜನ ಇದ್ದಾರೆ. ಬೆಲ್ಟು, ಹಾಕಿಲ್ಲ.

ಸೀಟಿನ ತೊಗಲು ತಗ್ಗಿದ್ದನ್ನು ಎಲ್ಲರೂ ಕಂಡರಂತೆ. ಗಂಡಸರು ಹಿಂದೆ ಸರಿದರು. ಪಂಪಮ್ಮ ಒಬ್ಬಳೇ ಮುಂದೆ ಹೋಗಿ ಎಡ ಬಾಗಿಲು ತೆಗೆದು ಆ ಸೀಟಿನ ಕಡೆ ಬಗ್ಗಿದಳು.

“ಹುಡುಗಂದೇನೂ ತಪ್ಪಿಲ್ಲಂತ್ರೀ, ಕೇಳಿದ್ರಲ್ಲ,” ಅಂದಳು. “ನಾನೂ ಅವನಿಗೇನೂ ಅನ್ನಂಗಿಲ್ಲ. ಇಳೀರಿ ಇನ್ನ.”

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ತೊಗಲು ಉಬ್ಬಿತು, ಗಾಡಿ ಮೆಲ್ಲಗೆ ಎಡಗಡೆ ಎದ್ದಿತು. ಪೆಟ್ಟಿಗೆಯಲ್ಲಿ ಸೀಟು ಖಾಲಿ ಅಂತ ಬಂದ ಮೇಲೆಯೇ ಹುಸೇನಪ್ಪ ಅಳಿಸುವ ಗುಂಡಿ ಒತ್ತಿದ.

ಹುಸೇನಪ್ಪ ಹೋಗಿ ಎಷ್ಟೋ ಕಾಲವಾಯಿತು. ಆ ಸೀಮೆಯ ಶೆಡ್ಡುಗಳಲ್ಲಿ ಇವತ್ತಿಗೂ ಗಾಡಿಯ ನೆನಪು ಅಳಿಸುವ ಮೊದಲು, ಇರುವುದನ್ನೆಲ್ಲ ಜೋರಾಗಿ ಓದುತ್ತಾರೆ. ಓದಿ ಎಡ ಬಾಗಿಲು ತೆಗೆದಿಡುತ್ತಾರೆ. ಯಾಕೆ ಅಂತ ಕೇಳಿದರೆ, ಒಳಗೆ ಗಾಳಿಯಾಡಲಿ ಅಂತಾರೆ. ಆದರೆ ತೆಗೆದ ಬಾಗಿಲಿನ ಎದುರಿಗೆ ಯಾರೂ ನಿಲ್ಲುವುದಿಲ್ಲ, ಒಬ್ಬರು ನಡೆದುಹೋಗುವಷ್ಟು ದಾರಿ ಬಿಟ್ಟು ನಿಲ್ಲುತ್ತಾರೆ.