ಮಿಂಚಿನ ಹಿಂದಿನ ನಕ್ಷತ್ರ

ತುಂಗಭದ್ರೆಯ ದಂಡೆಯಲ್ಲಿ, ಬೋಳುಗುಡ್ಡದ ಬುಡಕ್ಕೆ, ವಿರೂಪಣ್ಣನವರ ಆಶ್ರಮವಿತ್ತು. ಅಲ್ಲಿ ಕಲಿಸುತ್ತಿದ್ದದ್ದು ಆಕಾಶವನ್ನು. ಗುಡ್ಡದ ನೆತ್ತಿಯ ಮೇಲೆ ದೂರದರ್ಶಕ, ಕೆಳಗೆ ಶಿಷ್ಯರ ಕೋಣೆಗಳು.

ಆಕಾಶದಲ್ಲಿ ಆಗಾಗ ಎಲ್ಲೋ ಗಾಮಾ ಕಿರಣಗಳು ಮಿಂಚಿ ಮಾಯವಾಗುತ್ತವೆ. ಕಣ್ಣಿಗೆ ಕಾಣದ ಮಿಂಚು, ಉಪಗ್ರಹಗಳಿಗಷ್ಟೇ ಸಿಕ್ಕುವಂಥದ್ದು. ಸತ್ತ ನಕ್ಷತ್ರಗಳೆರಡು ಡಿಕ್ಕಿ ಹೊಡೆದರೆ ಮಾತ್ರ ಹೀಗಾಗುತ್ತದೆ ಎಂದು ವಿರೂಪಣ್ಣ ಜೀವಮಾನವಿಡೀ ವಾದಿಸಿದ್ದರು. ದೈತ್ಯ ನಕ್ಷತ್ರಗಳು ಸಿಡಿದು ಸಾಯುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವುದು ಅವರ ಮಾತು. ದೊಡ್ಡ ದೊಡ್ಡ ವಿದ್ವಾಂಸರೂ ಅದಕ್ಕೆ ತಲೆದೂಗಿದ್ದರು.

ಅವರ ಶಿಷ್ಯೆ ಶಾಂಭವಿ ಆ ಬೇಸಿಗೆಯಲ್ಲಿ ಅಂಥದೊಂದು ಮಿಂಚಿನ ಜಾಡು ಹಿಡಿದಳು. ಮಿಂಚಿದ ಜಾಗದಲ್ಲಿ ಉಳಿದ ಮಸುಕು ಬೆಳಕು ದಿನದಿನಕ್ಕೂ ಆರುತ್ತಾ ಬಂತು. ಉಳಿದ ಶಿಷ್ಯರು ಬೇಸತ್ತು ಬೇರೆ ಕೆಲಸ ಹಿಡಿದರು. ಅವಳು ಬಿಡಲಿಲ್ಲ.

ವಾರಗಳು ಕಳೆದ ಮೇಲೆ, ಆರುತ್ತಿದ್ದ ಬೆಳಕು ಮತ್ತೆ ಏರಿತು. ಸೂಪರ್‌ನೋವಾ! ಸಿಡಿದ ದೈತ್ಯ ನಕ್ಷತ್ರದ್ದೇ ಬೆಳಕು.

ಅವಳು ಹಿಗ್ಗಿಹೋದಳು. ಮರುಕ್ಷಣ ಗುರುಗಳ ವಾದ ನೆನಪಾಗಿ ಹಿಗ್ಗು ಇಳಿಯಿತು.

ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಗುರುಗಳು ಪಂಚೆ ಹಿಂಡುತ್ತಿದ್ದರು. ಅವಳು ವಿಷಯ ಹೇಳಿದಳು.

"ಮಿಂಚೂ ಸಿಡಿದ ನಕ್ಷತ್ರವೂ ಬೇರೆಬೇರೆಯಾಗಿ, ಒಂದೇ ದಿಕ್ಕಿನಲ್ಲಿ ಹಿಂದೊಂದು ಮುಂದೊಂದು ಇರಬಾರದೇನು?" ಎಂದರು ಗುರುಗಳು.

"ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದೆ. ಎರಡರ ದೂರವೂ ಒಂದೇ. ಸಿಡಿದ ಹೊತ್ತೂ ಒಂದೇ."

"ಹಾಗಾದರೆ ಸಿಡಿಯುವ ನಕ್ಷತ್ರಗಳೆಲ್ಲ ಯಾಕೆ ಮಿಂಚುವುದಿಲ್ಲ?"

"ಎಲ್ಲಕ್ಕೂ ಆ ಬಲ ಇರುವುದಿಲ್ಲ, ಗುರುಗಳೇ. ಇದ್ದರೂ, ಕುಸಿದ ಒಡಲಿನಿಂದ ಕಿರಣ ಎರಡೇ ಕಡೆಗೆ ಚಿಮ್ಮುತ್ತದೆ. ನಮ್ಮ ಕಡೆ ಮುಖ ಮಾಡಿದ್ದು ಮಾತ್ರ ನಮಗೆ ಕಾಣುತ್ತದೆ."

ವಿರೂಪಣ್ಣ ಪಂಚೆ ಕೊಡವಿದರು. "ನಾಳೆ ವಿದ್ವಾಂಸರ ಸಭೆಯಲ್ಲಿ ಏನು ಹೇಳುತ್ತೀ?"

"ಬಹುಶಃ ಸಂಬಂಧ ಇರಬಹುದು, ಅನ್ನುತ್ತೇನೆ."

"ಈ ಬಹುಶಃ ಆಕಾಶದಲ್ಲಿ ಕಂಡದ್ದೋ, ನನ್ನ ಮುಖದಲ್ಲಿ ಕಂಡದ್ದೋ?"

ಶಾಂಭವಿ ತಲೆ ತಗ್ಗಿಸಿದಳು. ಗುರುಗಳು ಮೆಟ್ಟಿಲು ಹತ್ತಿ ಹೊರಟುಹೋದರು. ಆ ದಿನವೆಲ್ಲ ಅವಳೊಡನೆ ಮಾತಾಡಲಿಲ್ಲ.

ಮರುದಿನ ಆಶ್ರಮದ ಚಪ್ಪರದಲ್ಲಿ ಊರೂರಿನ ವಿದ್ವಾಂಸರು ಸೇರಿದರು. ಶಾಂಭವಿ ಕಂಡದ್ದನ್ನೆಲ್ಲ ಹೇಳಿ ಮುಗಿಸಿದಳು. ಮುಂದಿನ ಸಾಲಿನ ಹಿರಿಯರೊಬ್ಬರು ನಕ್ಕರು.

"ಸಂಬಂಧವೇ ಇಲ್ಲ ಎಂದವರು ನಿನ್ನ ಗುರುಗಳು. ಇಗೋ, ಎದುರಿಗೇ ಕೂತಿದ್ದಾರೆ. ಅವರ ಮಾತು ಏನಾಯಿತಮ್ಮಾ?"

ಅವಳು ಗುರುಗಳತ್ತ ನೋಡಿದಳು. ಅವರು ಅವಳನ್ನೇ ನೋಡುತ್ತಿದ್ದರು. ಆ ಕಣ್ಣಲ್ಲಿ ಒಂದು ಸನ್ನೆಯೂ ಇರಲಿಲ್ಲ.

ಶಾಂಭವಿ ನೆಟ್ಟಗೆ ನಿಂತಳು.

"ಈ ಮಿಂಚು ಸಾಯುತ್ತಿದ್ದ ದೈತ್ಯ ನಕ್ಷತ್ರದ್ದೇ. ನನ್ನ ಗುರುಗಳು ಹೇಳಿದ್ದು ತಪ್ಪು."

ವಿರೂಪಣ್ಣ ಎದ್ದರು. ಹೆಗಲ ಶಲ್ಯ ಸರಿಮಾಡಿಕೊಂಡು ಆ ಹಿರಿಯರ ಕಡೆ ತಿರುಗಿದರು. ಗುರುಗಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಶಾಂಭವಿ ಎಂದೂ ಕೇಳಿರಲಿಲ್ಲ.

"ಕೇಳಿಸಿತೇ ಸ್ವಾಮಿ? ಅವಳು ನನ್ನ ಶಿಷ್ಯೆ."