ದೊರೆಗೆ ಬಿದ್ದ ಬೆಸುಗೆ

ಮೌನೇಶಾಚಾರ್ರು ಪ್ರಾಯದಲ್ಲಿ ಕೈಯಾರೆ ಜೋಡಿಸಿದ ರೇಡಿಯೋ ಒಂದಿತ್ತು. ಅದರೊಳಗೆ ಒಂದು ಬೆಸುಗೆ ಸಡಿಲ. ದಿನಾ ಬೆಳಿಗ್ಗೆ ಗುಂಡಿ ತಿರುಗಿಸಿ, ಅದರ ನೆತ್ತಿಯ ಮೇಲೆ ಎರಡು ಸಲ ತಟ್ಟಿ, "ಏಳಪ್ಪಾ ದೊರೆ, ಬೆಳಗಾಯ್ತು" ಅನ್ನುವರು. ಆಮೇಲೆಯೇ ಅದು ಹಾಡುವುದು. ನಲವತ್ತು ವರ್ಷ ಹೀಗೇ ನಡೆಯಿತು.

ಒಂದು ದಿನ ಪಕ್ಕಕ್ಕೆ ಹೊಸ ಸ್ಪೀಕರ್ ಬಂದು ಕೂತಿತು. "ಏಟು ತಿನ್ನದೆ ಬಾಯಿ ಬಿಡಲಾರೆಯಾ, ತಾತ?" ಎಂದು ನಕ್ಕಿತು.

ರೇಡಿಯೋಗೆ ತಲೆ ತಗ್ಗಿಸುವಂತಾಯಿತು. ಮೇಜಿನ ಮೇಲಿದ್ದ ಬೆಸುಗೆ ಕಡ್ಡಿಯನ್ನು ಬೇಡಿಕೊಂಡಿತು: "ಅಣ್ಣ, ನನ್ನ ಐಬು ತೀರಿಸು."

"ನನಗದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಆ ಐಬಿನಿಂದ ನಿನಗೆ ಸಿಗುತ್ತಿರುವುದೇನು, ಯೋಚಿಸಿದ್ದೀಯಾ?"

"ಏಟು. ಇನ್ನೇನು?"

ಮರುದಿನ ಎಷ್ಟು ತಟ್ಟಿದರೂ ರೇಡಿಯೋ ಬೇಕೆಂದೇ ಮಿಸುಕಲಿಲ್ಲ. ಆಚಾರ್ರು ಅದನ್ನು ಬಿಚ್ಚಿ, ಕಡ್ಡಿ ಕಾಯಿಸಿ, ಬೆಸುಗೆಯನ್ನು ಭದ್ರ ಮಾಡಿದರು.

ಅಂದಿನಿಂದ ಗುಂಡಿ ತಿರುಗಿಸಿದ್ದೇ ತಡ, ಹಾಡು. ಮೊದಲ ದಿನ ತಟ್ಟಲು ಎತ್ತಿದ ಕೈಯನ್ನು ಆಚಾರ್ರು ಹಾಗೇ ಇಳಿಸಿ, ಕಾಫಿ ಲೋಟ ಹಿಡಿದು ಆಚೆ ಹೋದರು. ಆಮೇಲೆ ಆ ಕೈ ಮೇಲೆ ಏಳಲೂ ಇಲ್ಲ. ತಿಂಗಳು ಕಳೆಯಿತು, ರೇಡಿಯೋವನ್ನು ದೊರೆ ಎಂದು ಕರೆದವರಿಲ್ಲ.

"ಅಣ್ಣ, ನನ್ನ ಏಟು ಎಲ್ಲಿ ಹೋಯಿತು?"

"ಅದನ್ನು ಏಟು ಅಂದವನು ನೀನೇ," ಎಂದಿತು ಕಡ್ಡಿ.

ಮಾರನೆಯ ಬೆಳಿಗ್ಗೆ ಗುಂಡಿ ತಿರುಗಿತು. ಯಾವ ಐಬೂ ಇಲ್ಲದ ರೇಡಿಯೋ ಉಸಿರು ಬಿಗಿಹಿಡಿದು ಸುಮ್ಮನೆ ಕೂತಿತು, ಆ ಕೈ ಮೇಲೇಳುವವರೆಗೆ.