ಬಿಲದ ಧೂಳು, ಆನೆಯ ಹೊಟ್ಟೆ

ಒಂದು ಕಾಡಿನಲ್ಲಿ, ದೊಡ್ಡ ಬಂಡೆಯ ಬುಡದ ಬಿಲದಲ್ಲಿ, ಮುಳ್ಳುಹಂದಿಯೊಂದು ತನ್ನ ಮರಿಯೊಂದಿಗೆ ವಾಸವಾಗಿತ್ತು. ಆ ಬೇಸಿಗೆಯಲ್ಲಿ ಬಿಲದ ತುಂಬ ಕೆಂಪು ಧೂಳು ಸೇರಿತು. ಮರಿಗೆ ಕೆಮ್ಮು ಹತ್ತಿತು. ಉಸಿರೆಳೆದರೆ ಎದೆ ಗೊರಗೊರ ಎನ್ನುತ್ತಿತ್ತು. ತಾಯಿ ಹೆದರಿಹೋಗಿ, ಬಾಯಿಂದ ಧೂಳು ಹೀರಿ ಎಳೆದು ತೆಗೆಯುವ ಕರಡಿಯನ್ನು ಕರೆಸಬೇಕು ಎಂದುಕೊಂಡಿತು.

ಹೀಗೆ ಧೂಳು ಎಳೆಯಲು ಬಂದವರಿಗೆ ಮೊದಲು ಹೊಟ್ಟೆ ತುಂಬ ತಿನ್ನಿಸಬೇಕು, ಆಮೇಲೆ ಕೆಲಸ. ಅದು ಆ ಕಾಡಿನ ಪದ್ಧತಿ. ನರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಿಟ್ಟಿ ಊಟದ ವಿಷಯ ನರಿಗೆ ಗೊತ್ತಿಲ್ಲದೆ ಇರುತ್ತದೆಯೇ!

"ಅಕ್ಕಾ, ಕರಡಿಯನ್ನು ಕರೆಸ್ತೀಯಂತೆ?" ಎಂದಿತು ನರಿ. "ಅದು ತಿನ್ನೋದೇ ಒಂದು ಹಲಸಿನ ಹಣ್ಣು. ಅಷ್ಟರಲ್ಲಿ ಏನು ಧೂಳು ಎಳೆದೀತು? ಆನೆ ಹನ್ನೆರಡು ತಿನ್ನುತ್ತೆ. ಹನ್ನೆರಡು ಪಟ್ಟು ಎಳೆಯುತ್ತೆ."

ತಾಯಿಗೆ ಹೌದೆನ್ನಿಸಿತು. ಮೂರು ದಿನ ಕಾಡೆಲ್ಲ ಅಲೆದು ಹನ್ನೆರಡು ಹಣ್ಣು ಉರುಳಿಸಿ ತಂದಿತು. "ನಾನೇ ಆನೆಗೆ ತಲುಪಿಸ್ತೀನಿ" ಎಂದು ನರಿ ಎಲ್ಲವನ್ನೂ ಒಯ್ದಿತು.

ಆನೆ ಬಂತು. ಬಿಲ ಕೆಳಕ್ಕೆ ಇಳಿಜಾರಾಗಿತ್ತು. ಆನೆಯ ಹಣೆ ಬಂಡೆಗೆ ತಗುಲಿತು. ಸೊಂಡಿಲು ನೆಲ ಮುಟ್ಟದೆ ನಡುವೆಯೇ ನೇತಾಡಿತು. ಆನೆ ಜೋರಾಗಿ ಎಳೆಯಿತು. ಕಾಡೆಲ್ಲ ಭೋರೆಂದಿತು.

"ಸದ್ದು ಕೇಳಿದೆಯಾ ಅಕ್ಕಾ? ಇದಪ್ಪಾ ಶಕ್ತಿ ಅಂದ್ರೆ!" ಎಂದಿತು ನರಿ.

ಆದರೆ ಬಂದದ್ದು ಬರೀ ಗಾಳಿ. ಒಂದಿಷ್ಟು ಧೂಳು ಹಾರಿ ಸೊಂಡಿಲಿಗೆ ಹೊಕ್ಕಿತು, ಅಷ್ಟೇ. ಆನೆ ಬಿಲದೊಳಕ್ಕೇ ಸೀನಿಬಿಟ್ಟಿತು! ಧೂಳೆಲ್ಲ ಎದ್ದಿತು. ಒಳಗಿದ್ದ ಮರಿಗೆ ಉಸಿರು ಕಟ್ಟಿತು. ತಾಯಿ ಮರಿಯನ್ನು ಹೊರಗೆಳೆದುಕೊಂಡು, "ಕರಡಿಯಜ್ಜಾ!" ಎಂದು ಕೂಗಿತು.

ಕರಡಿ ಓಡಿ ಬಂತು.

"ಅಜ್ಜಾ, ನಿನಗೆ ಕೊಡಲು ಒಂದು ಹಣ್ಣೂ ಉಳಿದಿಲ್ಲ" ಎಂದು ತಾಯಿ ಅತ್ತಿತು.

"ಮೊದಲು ಮರಿ, ಆಮೇಲೆ ಹಣ್ಣು" ಎಂದು ಕರಡಿ ಬಿಲದೊಳಗೆ ತೆವಳಿತು. ಮೂಗು ಮುಚ್ಚಿಕೊಂಡು, ತುಟಿಗಳನ್ನು ಕೊಳವೆಯಂತೆ ಮಾಡಿ ನೆಲಕ್ಕೆ ಒತ್ತಿ ಎಳೆಯಿತು. ಹೊರಗೆ ಬಂದು ಉಗುಳಿತು. ಮತ್ತೆ ಹೋಯಿತು. ಸದ್ದು ಅಷ್ಟೇನೂ ಇರಲಿಲ್ಲ. ಸಂಜೆಯೊಳಗೆ ಬಿಲ ಚೊಕ್ಕಟವಾಯಿತು. ಮರಿ ಹಾಯಾಗಿ ಉಸಿರಾಡಿತು.

"ತುಟಿಗೂ ನೆಲಕ್ಕೂ ನಡುವೆ ಸಂದು ಬಿಡಬಾರದು. ಇಷ್ಟೇ ಗುಟ್ಟು" ಎಂದಿತು ಕರಡಿ.

ಆನೆ ನಾಚಿ ತಲೆ ತಗ್ಗಿಸಿತು. "ಆರು ಹಣ್ಣು ತಿಂದೂ ನನ್ನ ಕೈಲಿ ಆಗಲಿಲ್ಲವಲ್ಲ" ಎಂದಿತು.

"ಆರಾ? ನಾನು ಕೊಟ್ಟಿದ್ದು ಹನ್ನೆರಡು, ಆನೆಮಾವ!" ಎಂದಿತು ತಾಯಿ.

ನರಿ ಓಟ ಕಿತ್ತಿತು. ಆನೆ ಬಿಡಲಿಲ್ಲ. ನರಿಯ ಗುಹೆಯಿಂದ ಆರು ಹಣ್ಣನ್ನೂ ಹೊರಗೆಳೆದು, ಸಿಟ್ಟಿನಿಂದ ನೆಲ ತುಳಿಯಿತು. ಗುಹೆಯ ತುಂಬ ಮಣ್ಣು ಉದುರಿತು. ಹಣ್ಣು ಮುಳ್ಳುಹಂದಿಯ ಮನೆ ಸೇರಿತು. ಕರಡಿಗೂ ಒಂದು ಸಿಕ್ಕಿತು.

ಮರುದಿನ ನರಿ ಕೆಮ್ಮುತ್ತಾ ಕರಡಿಯ ಬಳಿಗೆ ಬಂತು. "ಅಜ್ಜಾ, ನನ್ನ ಗುಹೆಯ ಧೂಳನ್ನೂ ಎಳೆದು ಕೊಡು."

ಕರಡಿ ಹಲಸಿನ ತೊಳೆ ಬಿಡಿಸುತ್ತಾ ಹೇಳಿತು: "ನಾನು ತಿನ್ನೋದೇ ಒಂದು ಹಣ್ಣು. ನಿನಗೆ ಅದೆಲ್ಲಿ ಸಾಕಾಗುತ್ತೆ? ಆನೆಯನ್ನೇ ಕರೆಸು."

ನೀತಿ: ಎಷ್ಟು ತಿನ್ನುತ್ತದೆ, ಎಷ್ಟು ಸದ್ದು ಮಾಡುತ್ತದೆ ಎಂದು ನೋಡಿ ಶಕ್ತಿಯನ್ನು ಅಳೆಯಬಾರದು, ಕೆಲಸ ಎಷ್ಟಾಯಿತು ಎಂದು ನೋಡಬೇಕು.